ದೃಶ್ಯ ಎಡಕ್ಕೆ, ಮಾತು ಬಲಕ್ಕೆ: ಲಿಬ್ರೆ ಆಫೀಸ್ ರೈಟರ್‌ನಲ್ಲಿ ಸಾಕ್ಷ್ಯಚಿತ್ರದ ಸ್ಕ್ರಿಪ್ಟ್

ಹಿರಿಯೂರು ಬಳಿಯ ವಾಣಿವಿಲಾಸ ಸಾಗರವನ್ನು ಕುರಿತ 12 ನಿಮಿಷಗಳ ಸಾಕ್ಷ್ಯಚಿತ್ರಕ್ಕೆ ಸ್ಕ್ರಿಪ್ಟ್ ಬರೆಯುವ ಕೆಲಸ ನನ್ನ ಪಾಲಿಗೆ ಬಂದಾಗ, ಚಿತ್ರಕಥೆಗೆಂದೇ ಸಿದ್ಧಪಡಿಸಿದ ದುಬಾರಿ ತಂತ್ರಾಂಶಗಳನ್ನು ಕೊಳ್ಳದೆ, ಪತ್ರ, ಲೇಖನಗಳನ್ನು ಟೈಪ್ ಮಾಡಲು ಬಳಸುವ, ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್ ರೈಟರ್ ಎಂಬ ತಂತ್ರಾಂಶವನ್ನೇ ಬಳಸಿದೆ. ಚಿತ್ರದುರ್ಗದ ನಮ್ಮ ಮನೆಯಲ್ಲಿ ಬರೆದದ್ದು ದಾವಣಗೆರೆಯ ಸಂಕಲನಕಾರರ ಮೇಜಿಗೆ ಹಾಗೆಯೇ ತಲುಪಬೇಕೆಂಬುದೊಂದೇ ನನ್ನ ಅಪೇಕ್ಷೆಯಾಗಿತ್ತು. ಹಿಂದೊಮ್ಮೆ, ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ರೂಪ ತೊಡಿಸುವ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿ ಕಳುಹಿಸಿದ ಕಡತ ಅವರಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಂಡಿದ್ದರಿಂದ, ಈ ಸಲ ಮೊದಲ ಅಕ್ಷರದಿಂದಲೇ, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತಗಳಿರುವ ಯೂನಿಕೋಡ್ ಬಳಸಿದೆ.

ಇಂತಹ ಸ್ಕ್ರಿಪ್ಟಿನ ಪುಟದಲ್ಲಿ ಅಕ್ಕಪಕ್ಕ ಎರಡು ಉದ್ದನೆಯ ಕಂಬಗಳಿರುತ್ತವೆ. ಎಡಗಡೆ ಕ್ಯಾಮೆರಾಗೆ ಕಾಣುವುದು, ಬಲಗಡೆ ಕಿವಿಗೆ ಕೇಳುವುದು. ಹೊಸಬರು ಇದಕ್ಕೆ ಪತ್ರಿಕೆಯ ಪುಟದಂತಹ ಕಾಲಂ ಸೌಲಭ್ಯವನ್ನು ಆರಿಸಿ ಪೇಚಿಗೆ ಸಿಲುಕುತ್ತಾರೆ. ಅಲ್ಲಿ ಎಡಗಡೆ ಒಂದು ಸಾಲು ಸೇರಿಸಿದರೂ ಬಲಗಡೆಯ ಮಾತು ತನ್ನ ದೃಶ್ಯವನ್ನು ಬಿಟ್ಟು ಕೆಳಗೆ ಸರಿಯುತ್ತದೆ. ಬೇಕಾಗಿರುವುದು ಅಡ್ಡಸಾಲು, ಕಂಬಗಳಿಂದಾದ ಮನೆಗಳಿರುವ ಟೇಬಲ್. "ಡ್ರೋನ್: ಎರಡು ಗುಡ್ಡಗಳ ನಡುವಿನ ಕಟ್ಟೆ" ಎಂಬ ಮನೆಯ ಪಕ್ಕದಲ್ಲಿಯೇ "ವೇದಾವತಿಗೆ ಅಡ್ಡಲಾಗಿ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು" ಎಂಬ ನಿರೂಪಣೆ ಕುಳಿತರೆ, ನಡುವೆ ಎಷ್ಟೇ ಸಾಲು ಸೇರಿಸಿದರೂ ಜೋಡಿ ತಪ್ಪುವುದಿಲ್ಲ. ಟೇಬಲ್ ಪ್ರಾಪರ್ಟೀಸ್‌ನ ಟೆಕ್ಸ್ಟ್ ಫ್ಲೋ ವಿಭಾಗದಲ್ಲಿ, ಒಂದು ಅಡ್ಡಸಾಲು ಎರಡು ಪುಟಗಳಿಗೆ ಹರಿದುಹೋಗಲು ಬಿಡುವ ಗುರುತನ್ನು ತೆಗೆದು, ತಲೆಬರಹ ಪ್ರತಿ ಪುಟದಲ್ಲಿಯೂ ಮರಳಿ ಬರುವ ಗುರುತನ್ನು ಹಾಕಿದರೆ ಅರ್ಧ ಕೆಲಸ ಮುಗಿದಂತೆ. ಶಾಟ್ ಸಂಖ್ಯೆಗೆ ಮೂರನೆಯದೊಂದು ಕಿರುಕಂಬ ಮಾಡಿ ಸ್ವಯಂಚಾಲಿತ ನಂಬರಿಂಗ್ ಕೊಟ್ಟಿದ್ದೆ. ನಡುವಿನ ನಾಲ್ಕು ಶಾಟ್‌ಗಳನ್ನು ಕಿತ್ತುಹಾಕಿದ ದಿನ, ಉಳಿದ ಸಂಖ್ಯೆಗಳು ತಾವಾಗಿಯೇ ಸರಿಹೊಂದಿದಾಗ ಅದರ ಬೆಲೆ ತಿಳಿಯಿತು.

ಕನ್ನಡಿಗರು ಗಮನಿಸಲೇಬೇಕಾದ ಸಂಗತಿಯೊಂದಿದೆ. ರೈಟರ್ ಕನ್ನಡವನ್ನು ಸಂಕೀರ್ಣ ಲಿಪಿಗಳ ಸಿಟಿಎಲ್ (ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ವರ್ಗದಲ್ಲಿ ಇರಿಸುತ್ತದೆ. ಆದ್ದರಿಂದ ಸ್ಟೈಲ್‌ನಲ್ಲಿ, ಅಂದರೆ ಫಾಂಟ್, ಗಾತ್ರ ಮುಂತಾದವನ್ನು ಒಟ್ಟಾಗಿ ಹೆಸರಿಟ್ಟು ಉಳಿಸುವ ಸೌಲಭ್ಯದಲ್ಲಿ, ಇಂಗ್ಲಿಷ್ ಅಕ್ಷರದ ಗಾತ್ರವನ್ನು ಬದಲಿಸಿದರೆ ಕನ್ನಡದ ಗಾತ್ರ ಬದಲಾಗುವುದಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ಹೊಂದಿಸಬೇಕು. ಒಮ್ಮೆ ದೃಶ್ಯಕ್ಕೊಂದು, ನಿರೂಪಣೆಗೊಂದು, ಸಂದರ್ಶನದ ಮಾತಿಗೊಂದು ಸ್ಟೈಲ್ ಮಾಡಿಟ್ಟುಕೊಂಡು ಕಡತವನ್ನು ಟೆಂಪ್ಲೇಟ್ ಆಗಿ, ಅಂದರೆ ಮತ್ತೆ ಮತ್ತೆ ಬಳಸಬಹುದಾದ ಮಾದರಿಯಾಗಿ, ಉಳಿಸಿಕೊಂಡರೆ ಮುಂದಿನ ಚಿತ್ರಕ್ಕೆ ಈ ತೊಡಕು ಇರುವುದಿಲ್ಲ.

ಅವಧಿಯ ಲೆಕ್ಕದಲ್ಲಿ ಮಾತ್ರ ಈ ತಂತ್ರಾಂಶದಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು. ಪುಟಕ್ಕೊಂದು ನಿಮಿಷವೆಂಬ ಸಿನಿಮಾದವರ ಅಂದಾಜು ಇಂಗ್ಲಿಷ್‌ನ 12 ಪಾಯಿಂಟ್ ಕೊರಿಯರ್ ಅಕ್ಷರಗಳಲ್ಲಿ ಬರೆದ ಚಿತ್ರಕಥೆಗೆ ಸೇರಿದ್ದು. ಎರಡು ಕಂಬಗಳ ಕನ್ನಡದ ಪುಟಕ್ಕೆ ಅದು ಒಗ್ಗುವುದಿಲ್ಲ. ಪದಗಳ ಎಣಿಕೆಯೂ ದಾರಿ ತಪ್ಪಿಸುತ್ತದೆ, ಏಕೆಂದರೆ "ಕಟ್ಟಿಸಿದವರಿಗಿಂತಲೂ" ಎಂಬುದು ನಮ್ಮಲ್ಲಿ ಒಂದೇ ಪದ. ಗಡಿಯಾರ ಹಿಡಿದು ಗಟ್ಟಿಯಾಗಿ ಓದುವುದನ್ನು ಬಿಟ್ಟು ಬೇರೆ ಉಪಾಯ ನನಗೆ ಕಂಡಿಲ್ಲ. ಸಂಭಾಷಣೆಯೇ ಪ್ರಧಾನವಾದ ಕಥಾಚಿತ್ರ ಬರೆಯುವವರು ಅದಕ್ಕೆಂದೇ ಇರುವ ತಂತ್ರಾಂಶವನ್ನು ನೋಡಿಕೊಳ್ಳುವುದು ಲೇಸು.

ಸಂಕಲನಕಾರರಿಗೆ ನಾನು ಪಿಡಿಎಫ್ ಕಳುಹಿಸುತ್ತೇನೆ; ಫಾಂಟ್ ಅದರೊಳಗೇ ಅಡಕವಾಗಿರುವುದರಿಂದ ಒತ್ತು, ದೀರ್ಘಗಳು ಇದ್ದಲ್ಲೇ ಇರುತ್ತವೆ. ನಿರೂಪಕರಿಗೆ ದೃಶ್ಯದ ಕಂಬ ಬೇಡ. ಬಲಗಂಬವನ್ನಷ್ಟೇ ಬೇರೆ ಕಡತಕ್ಕೆ ತೆಗೆದು, ಟೇಬಲನ್ನು ಪಠ್ಯವಾಗಿ ಪರಿವರ್ತಿಸಿ, 18 ಪಾಯಿಂಟಿನಲ್ಲಿ ಮುದ್ರಿಸಿದ ಹಾಳೆಗಳನ್ನು ಅವರ ಕೈಗೆ ಕೊಟ್ಟೆವು.