ಬಿಟ್ಟ ಸ್ಥಳ ತುಂಬುವ ಇಂಗ್ಲಿಷ್ ಪ್ರಶ್ನೆಗಳಿಗೆ ನಾಲ್ಕು ಬಗೆಯ ತಯಾರಿ: ಒಂದು ಹೋಲಿಕೆ

ವ್ಯಾಕರಣ ಪುಸ್ತಕದ ಅಭ್ಯಾಸಗಳಲ್ಲಿ ಹತ್ತಕ್ಕೆ ಹತ್ತು ಸರಿ ಬರೆಯುತ್ತಿದ್ದ ನನಗೆ ಇಂಗ್ಲಿಷ್ ಭಾಷಾಜ್ಞಾನವನ್ನು ಅಳೆಯುವ ಕೇಂಬ್ರಿಡ್ಜ್ ಬಿ2 ಫಸ್ಟ್ ಪರೀಕ್ಷೆಯ ಮಾದರಿ ಪತ್ರಿಕೆಯಲ್ಲಿ ಬಿಟ್ಟ ಸ್ಥಳ ತುಂಬುವ ಎರಡು ಗದ್ಯಭಾಗಗಳನ್ನು ಬಿಡಿಸಿದಾಗ ಸಿಕ್ಕಿದ್ದು 16ಕ್ಕೆ 6 ಅಂಕ. ಈ ಪರೀಕ್ಷೆಯ ಓದು ಮತ್ತು ಭಾಷಾಬಳಕೆಯ ಪತ್ರಿಕೆಯಲ್ಲಿ 52 ಪ್ರಶ್ನೆಗಳಿದ್ದು, ಉತ್ತರಿಸಲು 75 ನಿಮಿಷ ಕೊಡುತ್ತಾರೆ. ಅದರ ಎರಡನೆಯ ಭಾಗದಲ್ಲಿ ಒಂದು ಚಿಕ್ಕ ಗದ್ಯವೂ 8 ಬಿಟ್ಟ ಸ್ಥಳಗಳೂ ಇರುತ್ತವೆ. ಆರಿಸಿಕೊಳ್ಳಲು ಪದಗಳನ್ನು ಕೊಟ್ಟಿರುವುದಿಲ್ಲ. ಪ್ರತಿ ಸ್ಥಳಕ್ಕೂ ಒಂದೇ ಪದ ಬರೆಯಬೇಕು, ಅದರ ಕಾಗುಣಿತವೂ ಸರಿಯಿರಬೇಕು. ತಪ್ಪಿದರೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡುವ ಅಗತ್ಯವಿಲ್ಲ, ಆದರೆ ಊಹೆಯನ್ನೇ ನಂಬಿ ಕೂರುವಂತೆಯೂ ಇಲ್ಲ. ಹೀಗಾಗಿ ನಾಲ್ಕು ವಿಧಾನಗಳನ್ನು ತಲಾ ಮೂರು ವಾರ, ದಿನಕ್ಕೆ ಅರ್ಧ ಗಂಟೆಯಂತೆ ಪ್ರಯತ್ನಿಸಿದೆ. ಪ್ರತಿ ಮೂರು ವಾರದ ಕೊನೆಗೆ ಹಿಂದೆ ನೋಡಿರದ ಎರಡು ಗದ್ಯಗಳನ್ನು ಬಿಡಿಸಿ ಅಂಕ ಬರೆದಿಟ್ಟೆ. ಒಂದರ ಲಾಭ ಮುಂದಿನದಕ್ಕೂ ಸೇರಿರುತ್ತದೆ ಎಂಬುದನ್ನು ಓದುಗರು ಮನಸ್ಸಿನಲ್ಲಿಟ್ಟುಕೊಂಡು ಈ ಅಂಕಗಳನ್ನು ನೋಡಬೇಕು.

ಮೊದಲು ಹಿಡಿದದ್ದು ವ್ಯಾಕರಣ ಪುಸ್ತಕವನ್ನು. ಎಡಪುಟದಲ್ಲಿ ನಿಯಮ, ಬಲಪುಟದಲ್ಲಿ ಅಭ್ಯಾಸ ಇರುವ ಈ ಬಗೆಯ ಪುಸ್ತಕಗಳು ವಿಷಯವನ್ನು ಸ್ಪಷ್ಟವಾಗಿ ತಿಳಿಸುತ್ತವೆ, ಮತ್ತು 'ಡಿಸ್ಪೈಟ್' ಪದದ ಮುಂದೆ 'ಆಫ್' ಬರುವುದಿಲ್ಲ, 'ಇನ್ ಸ್ಪೈಟ್' ಎಂಬುದರ ಮುಂದೆ ಬರಲೇಬೇಕು ಎಂಬಂಥ ಸಂಗತಿಗಳನ್ನು ನಾನು ಗಟ್ಟಿಯಾಗಿ ಕಲಿತದ್ದು ಅಲ್ಲಿಯೇ. ಆದರೂ ಮೂರು ವಾರಗಳ ನಂತರ ನನಗೆ ಬಂದದ್ದು 7 ಅಂಕ ಮಾತ್ರ. ಕಾರಣವನ್ನು ಹುಡುಕಿದಾಗ ಅದು ಪಾಠದ ತಲೆಬರಹದಲ್ಲಿಯೇ ಇತ್ತು. 'ಆರ್ಟಿಕಲ್‌ಗಳು' ಎಂಬ ಶೀರ್ಷಿಕೆಯ ಕೆಳಗಿನ ಹತ್ತು ವಾಕ್ಯಗಳಲ್ಲಿ ನಾನು 'ಎ', 'ಆ್ಯನ್', 'ದ' ಎಂಬ ಮೂರರಲ್ಲಿ ಒಂದನ್ನು ಆರಿಸುತ್ತಿದ್ದೆನೇ ಹೊರತು, ಇಲ್ಲಿ ಕಾಣೆಯಾಗಿರುವುದು ಆರ್ಟಿಕಲ್ಲೇ ಎಂದು ಗುರುತಿಸುವ ಕೆಲಸವನ್ನು ಪುಸ್ತಕವೇ ನನಗಾಗಿ ಮಾಡಿಬಿಟ್ಟಿತ್ತು. ಪರೀಕ್ಷೆ ಕೇಳುವುದಾದರೋ ಮೊದಲು ಅದನ್ನೇ: ಈ ಜಾಗದಲ್ಲಿ ಎಂಥ ಪದ ಇರಬೇಕು?

ಕನ್ನಡ ಮಾತೃಭಾಷೆಯಾಗಿರುವವರಿಗೆ ಈ ಪ್ರಶ್ನೆ ವಿಶೇಷವಾಗಿ ಕಠಿಣವೆಂದು ನನಗೆ ಅನ್ನಿಸಿದೆ. ನಮ್ಮ 'ಇಂದ' ಪ್ರತ್ಯಯವೊಂದೇ ಎಷ್ಟು ಕೆಲಸ ಮಾಡುತ್ತದೆ ನೋಡಿ. ಚಾಕುವಿನಿಂದ ಕತ್ತರಿಸಿದರೆ 'ವಿತ್', ಊರಿನಿಂದ ಬಂದರೆ 'ಫ್ರಮ್', ಸೋಮವಾರದಿಂದ ಕಾಯುತ್ತಿದ್ದರೆ 'ಸಿನ್ಸ್', ಎರಡು ದಿನಗಳಿಂದ ಕಾಯುತ್ತಿದ್ದರೆ 'ಫಾರ್'. ಇನ್ನು 'ನಿನ್ನೆ ಬಂದ ಹುಡುಗ' ಎನ್ನುವಲ್ಲಿ ಇಂಗ್ಲಿಷಿನ 'ಹೂ' (who) ಎಂಬುದಕ್ಕೆ ಸಮನಾದ ಬಿಡಿಪದವೇ ಇಲ್ಲ. ಅದರ ಕೆಲಸವೆಲ್ಲ 'ಬಂದ' ಎಂಬ ಕೃದಂತದೊಳಗೇ ಮುಗಿದಿರುತ್ತದೆ. ಆದ್ದರಿಂದ ಇಂಗ್ಲಿಷ್ ವಾಕ್ಯದಲ್ಲಿ ಆ ಚಿಕ್ಕ ಪದ ಬಿಟ್ಟುಹೋದರೂ ನಮ್ಮ ಮನಸ್ಸು ಅರ್ಥವನ್ನು ಹಿಡಿದುಕೊಂಡು ಮುಂದೆ ಸಾಗುತ್ತದೆ, ಕೊರತೆಯೇ ಕಿವಿಗೆ ತಟ್ಟುವುದಿಲ್ಲ.

ಎರಡನೆಯದು ಮೊಬೈಲ್‌ನ ಫ್ಲ್ಯಾಶ್‌ಕಾರ್ಡ್ ಆ್ಯಪ್. ಒಂದು ವಾಕ್ಯ, ಅದರಲ್ಲೊಂದು ಖಾಲಿ ಜಾಗ, ಹಿಂಬದಿಯಲ್ಲಿ ಉತ್ತರ. ಸರಿ ಹೇಳಿದ ಕಾರ್ಡು ಹೆಚ್ಚು ದಿನ ಬಿಟ್ಟು, ತಪ್ಪಿದ ಕಾರ್ಡು ಬೇಗನೆ ಮರಳಿ ಬರುತ್ತದೆ. 'ದೇರ್ ಈಸ್ ನೋ ಪಾಯಿಂಟ್ ಇನ್ ವೇಟಿಂಗ್' ಎಂಬಂಥ ಸಿದ್ಧ ನುಡಿಗಟ್ಟುಗಳಿಗೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ. ಅಂಕ 9ಕ್ಕೆ ಏರಿತು. ಆದರೆ ಇನ್ನೂರು ಕಾರ್ಡುಗಳಾಗುವ ಹೊತ್ತಿಗೆ ನಾನು ವಾಕ್ಯವನ್ನು ಓದದೆ, ಅದರ ಮೊದಲೆರಡು ಪದಗಳ ಗುರುತಿನಿಂದಲೇ ಉತ್ತರ ಹೇಳುತ್ತಿದ್ದೆ. ಕಾರ್ಡುಗಳು ಜಾಣವಾಗಿದ್ದವು, ಆದರೆ ಅವು ನನ್ನ ಕಣ್ಣನ್ನು ಒಂದು ವಾಕ್ಯದಾಚೆಗೆ ಒಯ್ಯಲಿಲ್ಲ.

ಮಾದರಿ ಪ್ರಶ್ನೆಪತ್ರಿಕೆಗಳು ಆ ಕೊರತೆಯನ್ನು ತೋರಿಸಿಕೊಟ್ಟವು. ಒಂದು ಗದ್ಯದಲ್ಲಿ ಕಡಿದಾದ ಬೆಟ್ಟದ ದಾರಿಯ ವರ್ಣನೆಯಿತ್ತು. ತುದಿ ತಲುಪುವ ಸಂದರ್ಶಕರ ಬಗ್ಗೆ ಹೇಳುವ ವಾಕ್ಯದಲ್ಲಿ 'ವೆರಿ' ಪದದ ಮುಂದೆ ಜಾಗ ಬಿಟ್ಟಿದ್ದರು. ನಾನು 'ಮೆನಿ' ಎಂದು ಬರೆದೆ. ವ್ಯಾಕರಣದ ಪ್ರಕಾರ ಅದರಲ್ಲಿ ದೋಷವಿರಲಿಲ್ಲ. ಆದರೆ ಮುಂದಿನ ವಾಕ್ಯವು ಆ ತುದಿ ಸದಾ ನಿರ್ಜನವಾಗಿರುತ್ತದೆ ಎನ್ನುತ್ತಿತ್ತು, ಬೇಕಾಗಿದ್ದ ಪದ 'ಫ್ಯೂ'. ಅಂದಿನಿಂದ ಗದ್ಯವನ್ನು ಕೊನೆಯವರೆಗೆ ಒಮ್ಮೆ ಓದಿದ ಮೇಲೆಯೇ ಪೆನ್ನು ಎತ್ತುವ ರೂಢಿ ಮಾಡಿಕೊಂಡೆ. ಸಮಯದ ಅಂದಾಜು ಕೂಡ ಇಲ್ಲಿಯೇ ಸಿಕ್ಕಿತು. ಹದಿನೈದು ನಿಮಿಷ ಹಿಡಿಯುತ್ತಿದ್ದ ಭಾಗ ಒಂಬತ್ತಕ್ಕೆ ಇಳಿಯಿತು. ಅಂಕ ಮಾತ್ರ 10ರಲ್ಲಿ ನಿಂತಿತು. ಉತ್ತರಸೂಚಿ ಸರಿಯಾದ ಪದವನ್ನು ಹೇಳುತ್ತದೆಯೇ ವಿನಾ ನಾನೇಕೆ ತಪ್ಪಿದೆ ಎಂಬುದನ್ನು ಹೇಳುವುದಿಲ್ಲ, ಮತ್ತು ಒಮ್ಮೆ ಬಿಡಿಸಿದ ಪತ್ರಿಕೆ ಎರಡನೆಯ ಸಲಕ್ಕೆ ನಿಜವಾದ ಪರೀಕ್ಷೆಯಾಗಿ ಉಳಿಯುವುದಿಲ್ಲ.

ನಾಲ್ಕನೆಯದು, ನಾನು ಮನಃಪೂರ್ವಕ ಮೆಚ್ಚಿದ್ದು, ಓದಿದ ಲೇಖನದಿಂದ ನಾನೇ ಪ್ರಶ್ನೆ ತಯಾರಿಸುವ ವಿಧಾನ. ಗದ್ಯದಿಂದ ಪದಗಳನ್ನು ಕ್ರಮಬದ್ಧವಾಗಿ ತೆಗೆದು ಓದುಗರಿಂದ ತುಂಬಿಸುವ 'ಕ್ಲೋಜ್' ಪದ್ಧತಿಯನ್ನು 1953ರಲ್ಲಿ ವಿಲ್ಸನ್ ಟೇಲರ್ ಮುಂದಿಟ್ಟದ್ದು ಬರಹವೊಂದು ಎಷ್ಟು ಸುಲಭವಾಗಿ ಓದಿಸಿಕೊಳ್ಳುತ್ತದೆ ಎಂದು ಅಳೆಯುವುದಕ್ಕೆ. ನಾನೂ ಮೊದಲು ಪ್ರತಿ ಏಳನೆಯ ಪದವನ್ನು ಅಳಿಸಿ ನೋಡಿದೆ. ಹಾಗೆ ಮಾಡಿದಾಗ ಹೆಸರುಗಳೂ ಅಂಕಿಗಳೂ ಅಳಿಸಿಹೋಗಿ, ಯಾರೂ ಊಹಿಸಲಾಗದ ಜಾಗಗಳು ಉಳಿದವು. ಬಳಿಕ ಸುಮಾರು 150 ಪದಗಳ ಗದ್ಯದಿಂದ ಪ್ರಿಪೊಸಿಷನ್, ಆರ್ಟಿಕಲ್, ಸಹಾಯಕ ಕ್ರಿಯಾಪದ, ವಾಕ್ಯ ಜೋಡಿಸುವ ಪದ ಇಂಥ ಹತ್ತನ್ನಷ್ಟೇ ತೆಗೆದು, ಉತ್ತರಗಳನ್ನು ಹಾಳೆಯ ಹಿಂದೆ ಬರೆದು, ಐದು ದಿನ ಮುಟ್ಟದೆ ಇಟ್ಟೆ. ಮರುದಿನವೇ ಬಿಡಿಸಿದರೆ ಉತ್ತರ ಹೇಳುವುದು ವ್ಯಾಕರಣಜ್ಞಾನವಲ್ಲ, ನೆನಪು.

ಇಲ್ಲಿನ ಕಲಿಕೆ ಬಿಡಿಸುವಾಗಲ್ಲ, ಅಳಿಸುವಾಗಲೇ ಆರಂಭವಾಗುತ್ತದೆ. 'ಆಲ್ದೋ' ಎಂಬುದನ್ನು ತೆಗೆಯುವ ಮುನ್ನ ಅಲ್ಲಿ 'ದೋ' ಅಥವಾ 'ವೈಲ್' ಕೂಡ ಕೂರುತ್ತದೆಯೇ, 'ಡಿಸ್ಪೈಟ್' ಏಕೆ ಕೂರುವುದಿಲ್ಲ ಎಂದು ಯೋಚಿಸಲೇಬೇಕಾಗುತ್ತದೆ. 'ಹ್ಯಾಡ್ ಇಟ್ ನಾಟ್ ಬೀನ್ ಫಾರ್ ದ ರೇನ್' ಎಂಬಲ್ಲಿ 'ಫಾರ್' ಅಳಿಸಿದ ದಿನ, ವಾಕ್ಯದ ಆರಂಭದ 'ಹ್ಯಾಡ್' ಪದವೇ 'ಇಫ್' ಪದದ ಸ್ಥಾನವನ್ನು ತುಂಬಿರುವುದನ್ನು ಮೊದಲ ಬಾರಿಗೆ ಗಮನಿಸಿದೆ. ಅದೇ ನಿಯಮವನ್ನು ಪುಸ್ತಕದಲ್ಲಿ ಎರಡು ಸಲ ಓದಿದ್ದೆ, ಆದರೂ ಅದು ನನ್ನದಾಗಿರಲಿಲ್ಲ. ತಪ್ಪುಗಳನ್ನು ಬಗೆಯ ಪ್ರಕಾರ ನೋಟ್‌ಬುಕ್ಕಿನಲ್ಲಿ ಬರೆದಾಗ 37ರಲ್ಲಿ 15 ಪ್ರಿಪೊಸಿಷನ್‌ಗೆ, 9 ಆರ್ಟಿಕಲ್‌ಗೆ ಸೇರಿದವು ಎಂದು ತಿಳಿಯಿತು. ನಾನು ಭಯಪಡುತ್ತಿದ್ದ ಟೆನ್ಸ್‌ಗಳಲ್ಲಿ ತಪ್ಪಿದ್ದು ನಾಲ್ಕೇ ಸಲ. ಈ ಮೂರು ವಾರಗಳ ಕೊನೆಯಲ್ಲಿ ಬಂದದ್ದು 14 ಅಂಕ.

ಈ ವಿಧಾನಕ್ಕೂ ಮಿತಿಗಳಿವೆ. ಮೂಲ ಗದ್ಯ ಚೆನ್ನಾಗಿ ತಿದ್ದಿದ್ದಾಗಿರಬೇಕು. ನಾನು ಬರೆದ ಬೇರೆ ಪದವೂ ಅಲ್ಲಿ ಸಲ್ಲುತ್ತದೆಯೇ ಎಂದು ಹೇಳುವವರು ಹತ್ತಿರವಿರುವುದಿಲ್ಲ. ಅಂಥ ಸಂದೇಹಗಳಿಗೆ ನಾನು ಮತ್ತೆ ವ್ಯಾಕರಣ ಪುಸ್ತಕವನ್ನೇ ತೆರೆಯಬೇಕಾಯಿತು, ಮತ್ತು ಹಾಗೆ ತೆರೆದಾಗ ಅದು ಮೊದಲಿಗಿಂತ ಹೆಚ್ಚು ಕಲಿಸಿತು. ನಾಲ್ಕು ಆಯ್ಕೆಗಳಿರುವ ಮೊದಲ ಭಾಗಕ್ಕೆ ಯಾವ ಪದದೊಡನೆ ಯಾವ ಪದ ಹೊಂದುತ್ತದೆ ಎಂಬ ಅರಿವು ಬೇಕಾದ್ದರಿಂದ ಅಲ್ಲಿ ಕಾರ್ಡುಗಳೇ ಮೇಲು.

ಪರೀಕ್ಷೆಗೆ ಒಂದೇ ತಿಂಗಳು ಉಳಿದಿರುವವರು ಮೊದಲ ದಿನವೇ ಒಂದು ಮಾದರಿ ಪತ್ರಿಕೆಯನ್ನು ಬಿಡಿಸಿ ತಮ್ಮ ತಪ್ಪುಗಳ ಬಗೆಯನ್ನು ತಿಳಿದುಕೊಳ್ಳಲಿ; ಮುಂದಿನ ಮೂರು ವಾರ ದಿನಕ್ಕೊಂದು ಗದ್ಯವನ್ನು ಅಳಿಸಿ, ಐದು ದಿನ ಹಿಂದಿನದನ್ನು ಬಿಡಿಸಲಿ. ಉಳಿದ ಪತ್ರಿಕೆಗಳನ್ನು ಕೊನೆಯ ವಾರಕ್ಕೆಂದು ಮುಟ್ಟದೆ ತೆಗೆದಿಡಲಿ.