ಬ್ರೋಷರ್‌ನಲ್ಲಿ 21, ಬಂಕಿನ ಲೆಕ್ಕದಲ್ಲಿ 15: ನನ್ನ ಡೀಸೆಲ್ ಎಸ್‌ಯುವಿಯ ಮೈಲೇಜ್

ನೇರವಾಗಿ ವಿಷಯಕ್ಕೆ ಬರುತ್ತೇನೆ. ಕಂಪನಿ ಹೇಳಿದ್ದು ಲೀಟರಿಗೆ 21 ಕಿ.ಮೀ. ಚಿಲ್ಲರೆ. ಬೆಂಗಳೂರಿನ ಒಳಗೆ ನನಗೆ ಸಿಗುವುದು 12ರಿಂದ 13. ಹೈವೇಯಲ್ಲಿ 16ರಿಂದ 20, ಅದು ಎಷ್ಟು ಜೋರಾಗಿ ಓಡಿಸುತ್ತೇನೆ ಅನ್ನುವುದರ ಮೇಲೆ. ಎಲ್ಲ ಸೇರಿಸಿದರೆ 15ರ ಆಸುಪಾಸು. ಗಾಡಿ 1.5 ಲೀಟರ್ ಡೀಸೆಲ್, 6 ಗೇರಿನ ಮ್ಯಾನುಯಲ್, ಬಿಎಸ್6 (ಹೊಗೆ ಮಿತಿಯ ಸರ್ಕಾರಿ ನಿಯಮ). ಓಡೋಮೀಟರ್ ಅರವತ್ತು ಸಾವಿರ ದಾಟಿದೆ. ಬ್ರ್ಯಾಂಡ್ ಹೆಸರು ಬೇಕಂತಲೇ ಬಿಟ್ಟಿದ್ದೇನೆ. ಇದೇ ಸೈಜಿನ ಬೇರೆ ಕಂಪನಿ ಗಾಡಿ ಇಟ್ಟುಕೊಂಡಿರುವ ನೆಂಟರು, ಆಫೀಸಿನವರು ಹೇಳುವುದೂ ಹೆಚ್ಚುಕಮ್ಮಿ ಇದೇ ಲೆಕ್ಕ.

ಹಾಗಾದ್ರೆ 21 ಎಲ್ಲಿಂದ ಬಂತು? ಪುಣೆಯ ಎಆರ್‌ಎಐ ಥರದ, ಗಾಡಿಗಳನ್ನು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವ ಕೇಂದ್ರಗಳಿಂದ. ಅಲ್ಲಿ ಗಾಡಿ ರಸ್ತೆಗೇ ಇಳಿಯುವುದಿಲ್ಲ. ರೋಲರ್ ಮೇಲೆ ನಿಂತಲ್ಲೇ ಓಡುತ್ತದೆ. ಯಾವಾಗ ಎಷ್ಟು ವೇಗ ಇರಬೇಕು ಅಂತ ಎದುರಿನ ಸ್ಕ್ರೀನಿನಲ್ಲಿ ಬರುವ ಗೆರೆಯನ್ನು ಡ್ರೈವರ್ ನೋಡಿಕೊಂಡು ಆಕ್ಸಿಲರೇಟರ್ ಒತ್ತುತ್ತಾನೆ. ಒಟ್ಟು ಹತ್ತಿರ ಹತ್ತಿರ 20 ನಿಮಿಷ, 10 ಕಿ.ಮೀ. ಚಿಲ್ಲರೆ ದೂರ. ಸರಾಸರಿ ವೇಗ 32ರ ಸುಮಾರು, ಅತಿ ಹೆಚ್ಚೆಂದರೆ 90. ಎಸಿ ಬಂದ್. ಗಾಳಿ ಇಲ್ಲ, ಹಂಪ್ ಇಲ್ಲ, ಅಡ್ಡ ಬರುವ ಆಟೋ ಇಲ್ಲ. ಗಾಳಿಯ ತಡೆಯನ್ನು ರೋಲರಿಗೆ ಲೆಕ್ಕ ಹಾಕಿ ತುಂಬಿರುತ್ತಾರೆ, ಅಷ್ಟೇ. ಎಷ್ಟು ಡೀಸೆಲ್ ಖರ್ಚಾಯಿತು ಅಂತ ಹೊಗೆಯಲ್ಲಿ ಬಂದ ಇಂಗಾಲದಿಂದ ಲೆಕ್ಕ ತೆಗೆಯುತ್ತಾರೆ.

ಆ ಗೆರೆಯಲ್ಲಿ ಒಂದು ಕಡೆ ಗಾಡಿ ನಿಂತಲ್ಲಿಂದ 50 ಕಿ.ಮೀ. ವೇಗಕ್ಕೆ ಬರಲು 26 ಸೆಕೆಂಡು ತೆಗೆದುಕೊಳ್ಳುತ್ತದೆ. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಹಸಿರು ಬಿದ್ದ ಮೇಲೆ ಹಾಗೆ ಹೊರಡಿ ನೋಡಿ. ಹಿಂದಿನ ಟೆಂಪೋದವನು ಹಾರ್ನ್ ಹೊಡೆದೇ ಸಾಯಿಸುತ್ತಾನೆ! ಎಲ್ಲ ಕಂಪನಿಗೂ ಒಂದೇ ಪರೀಕ್ಷೆ ಆದ್ದರಿಂದ ಎರಡು ಗಾಡಿ ಹೋಲಿಸಿ ನೋಡಲು 21 ಅನ್ನುವ ನಂಬರ್ ಪರವಾಗಿಲ್ಲ. ಮನೆ ಬಜೆಟ್ ಹಾಕಲು ಮಾತ್ರ ಅದನ್ನು ನಂಬಬೇಡಿ. ಯುರೋಪಿನಲ್ಲಿ 2017ರಿಂದ ಡಬ್ಲ್ಯುಎಲ್‌ಟಿಪಿ ಅಂತ ಬಂದ ಪರೀಕ್ಷೆ 30 ನಿಮಿಷದ್ದು. ವೇಗ 131ರವರೆಗೆ ಹೋಗುತ್ತದೆ. ಅಲ್ಲಿನ ನಂಬರ್ ನಿಜಕ್ಕೆ ಇನ್ನೂ ಸ್ವಲ್ಪ ಹತ್ತಿರ.

ಇನ್ನು ನಾನು ಅಳೆಯುವ ಕ್ರಮ. ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್‌ಗೆ, ಆದಷ್ಟು ಒಂದೇ ಬಂಕಿನಲ್ಲಿ. ಮೊದಲ ಕಟ್‌ಆಫ್ (ಪಂಪಿನ ಹ್ಯಾಂಡಲ್ ಟಕ್ ಅಂತ ತಾನೇ ನಿಲ್ಲುವುದು) ಆದ ತಕ್ಷಣ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡುತ್ತೇನೆ. "ಸಾರ್, ರೌಂಡ್ ಫಿಗರ್ ಮಾಡ್ಲಾ?" ಅಂತ ಹುಡುಗ ಕೇಳೇ ಕೇಳುತ್ತಾನೆ. "ಬೇಡಪ್ಪಾ, ಸಾಕು." ಡೀಸೆಲ್ ನೊರೆ ಬರುವ ಸರಕು. ಹ್ಯಾಂಡಲ್ ಪೂರ್ತಿ ಒತ್ತಿ ಜೋರಾಗಿ ಬಿಟ್ಟರೆ ನೊರೆಗೇ ಕಟ್‌ಆಫ್ ಆಗಿಬಿಡುತ್ತದೆ, ಟ್ಯಾಂಕ್ ತುಂಬಿರುವುದಿಲ್ಲ. ಹಾಗಾಗಿ ಕೊನೆಯ ಭಾಗ ನಿಧಾನವಾಗಿ ಹಾಕಿ ಅನ್ನುತ್ತೇನೆ. ಒಂದು ಟ್ಯಾಂಕಿನ ಲೆಕ್ಕ ನಂಬುವುದೂ ಇಲ್ಲ, ನಾಲ್ಕೈದು ಸಲದ ಸರಾಸರಿ ತೆಗೆಯುತ್ತೇನೆ. ಡ್ಯಾಶ್‌ಬೋರ್ಡ್ ತೋರಿಸುವ ಮೈಲೇಜ್ ನನ್ನ ಗಾಡಿಯಲ್ಲಿ ಯಾವಾಗಲೂ ಒಂದು, ಒಂದೂವರೆ ಕಿ.ಮೀ. ಜಾಸ್ತಿ. ಸ್ಕ್ರೀನ್ ಫೋಟೋ ಕಳಿಸಿ "ನೋಡು, 22 ಕೊಡ್ತಿದೆ" ಅನ್ನುವವರಿಗೆ ನನ್ನದು ಒಂದೇ ಉತ್ತರ: ಬಿಲ್ ತೋರಿಸಪ್ಪಾ.

ಸಿಟಿಯಲ್ಲಿ ಮೈಲೇಜ್ ಬೀಳುವುದಕ್ಕೆ ಟ್ರಾಫಿಕ್ ಕಾರಣ ಅಂತ ಎಲ್ಲರಿಗೂ ಗೊತ್ತು. ನನ್ನ ಆಫೀಸ್ ದಾರಿಯಲ್ಲಿ ಸರಾಸರಿ ವೇಗ 17 ಅಂತ ಗಾಡಿಯೇ ತೋರಿಸುತ್ತದೆ, ಪರೀಕ್ಷೆಯ ವೇಗದ ಅರ್ಧ. ಎಸಿ ಹಾಕಿಕೊಂಡು ಸುಮ್ನೆ ನಿಂತರೂ ಗಂಟೆಗೆ ಅರ್ಧ ಲೀಟರಿಗಿಂತ ಜಾಸ್ತಿ ಹೋಗುತ್ತದೆ. ಆದರೆ ಶೋರೂಮಿನಲ್ಲಿ ಯಾರೂ ಬಾಯಿಬಿಡದ ವಿಷಯ ಇನ್ನೊಂದಿದೆ: ಡಿಪಿಎಫ್, ಅಂದರೆ ಡೀಸೆಲ್ ಹೊಗೆಯ ಫಿಲ್ಟರ್.

2020ರ ಏಪ್ರಿಲ್‌ನಿಂದ ಬಿಎಸ್6 ಬಂದ ಮೇಲೆ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿದಿಡುವ ಫಿಲ್ಟರ್ ಕೂತಿದೆ. ಮಸಿ ತುಂಬಿದಾಗ ಗಾಡಿ ತಾನೇ ಒಂದಷ್ಟು ಡೀಸೆಲ್ ಹೆಚ್ಚಿಗೆ ಬಿಟ್ಟು, ಫಿಲ್ಟರನ್ನು 600 ಡಿಗ್ರಿ ಸುಮಾರಿಗೆ ಕಾಯಿಸಿ ಸುಟ್ಟುಹಾಕುತ್ತದೆ. ಆ ಡೀಸೆಲ್ ಚಕ್ರ ತಿರುಗಿಸುವುದಕ್ಕಲ್ಲ, ಕಸ ಸುಡುವುದಕ್ಕೆ. ಗಮನವಿಟ್ಟರೆ ಗೊತ್ತಾಗುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತುತ್ತದೆ ಅನ್ನುವ ಲೆಕ್ಕ) 800 ಇರಬೇಕಾದ್ದು 1,000ದ ಹತ್ತಿರ ಇರುತ್ತದೆ. ಮನೆಗೆ ಬಂದು ಆಫ್ ಮಾಡಿದರೂ ಬಾನೆಟ್ ಒಳಗೆ ಫ್ಯಾನ್ ಗುಂಯ್‌ಗುಡುತ್ತಿರುತ್ತದೆ, ಕಾದ ಕಬ್ಬಿಣದ ವಾಸನೆ ಬರುತ್ತದೆ. ಆವತ್ತಿನ ಮೈಲೇಜ್ 9ಕ್ಕೂ ಇಳಿದದ್ದಿದೆ. ಬರೀ ಸಿಟಿಯಲ್ಲಿ ಐದಾರು ಕಿ.ಮೀ. ಓಡಿಸುವವರಿಗೆ ಈ ಸುಡುವ ಕೆಲಸ ಪೂರ್ತಿಯಾಗುವುದೇ ಇಲ್ಲ. ಅರ್ಧಕ್ಕೆ ನಿಂತು, ಮತ್ತೆ ಶುರುವಾಗಿ, ಮತ್ತೆ ಡೀಸೆಲ್ ಕುಡಿಯುತ್ತದೆ. ನಾನು ವಾರಕ್ಕೊಮ್ಮೆ ಬೆಂಗಳೂರಿನ ನೈಸ್ ಟೋಲ್ ರಸ್ತೆಯಲ್ಲಿ ಅರ್ಧ ಗಂಟೆ ಒಂದೇ ಸಮ ಓಡಿಸುತ್ತೇನೆ. ಟೋಲ್ ದುಡ್ಡು ದಂಡ ಅನ್ನಿಸಿದರೂ ವಾರ್ನಿಂಗ್ ಲೈಟ್ ಇದುವರೆಗೂ ಬಂದಿಲ್ಲ.

ಹೈವೇಯಲ್ಲಿ ಕಥೆಯೇ ಬೇರೆ. ಬೆಂಗಳೂರು–ಮೈಸೂರು ದಾರಿಯಲ್ಲಿ ಕಾರಿಗೆ 100ರ ಮಿತಿ. ಕ್ರೂಸ್ ಕಂಟ್ರೋಲ್ (ವೇಗ ಒಂದೇ ಸಮ ಇಡುವ ಸೌಲಭ್ಯ) 80ಕ್ಕೆ ಇಟ್ಟು ಹೋದಾಗ ನನಗೆ 20 ಸಿಕ್ಕಿದೆ. ಅದೇ ದಾರಿ, ಅದೇ ಜನ, 100ಕ್ಕೆ ಇಟ್ಟರೆ 17. ಬೇರೆ ಹೈವೇಯಲ್ಲಿ ಅದಕ್ಕಿಂತ ಜೋರು ಹೋಗಿದ್ದಕ್ಕೆ ಬಂದದ್ದು 16. ಗಾಳಿಯ ತಡೆ ವೇಗದ ವರ್ಗದಷ್ಟು ಏರುತ್ತದೆ, ಅಂದರೆ 80ರಿಂದ 100ಕ್ಕೆ ಹೋದರೆ ಅದು ಒಂದೂವರೆ ಪಟ್ಟು ಆಗುತ್ತದೆ. ಎಸ್‌ಯುವಿ ಅಂದರೆ ಮೊದಲೇ ಎತ್ತರ, ಮುಂಭಾಗ ಬೀರು ನಿಲ್ಲಿಸಿದ ಹಾಗೆ. ಇದೇ ಥರದ ಎಂಜಿನ್ ಇದ್ದ ಸೆಡಾನ್‌ಗೆ ಈ ಪೆಟ್ಟು ಇಷ್ಟು ಜೋರಾಗಿ ಬೀಳುವುದಿಲ್ಲ.

ನಮ್ಮೂರು ಘಟ್ಟದ ಕೆಳಗಿನ ಪುತ್ತೂರು ಕಡೆ. ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಮೇಲೆ ಹೋಗುತ್ತೇವೆ. ಊರಿಗೆ ಹೋಗುವಾಗ 19, ವಾಪಸ್ ಬರುವಾಗ 17. ಮೊದಲು ವಾಪಸ್ ಬರುವಾಗಿನ ತೆಂಗಿನಕಾಯಿ, ಅಕ್ಕಿ ಮೂಟೆ ಕಾರಣ ಅಂದುಕೊಂಡಿದ್ದೆವು. ಅದೂ ಸ್ವಲ್ಪ ಇರಬಹುದು. ಮುಖ್ಯ ಕಾರಣ ಎತ್ತರ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಸಕಲೇಶಪುರವೂ ಅಷ್ಟೇ. ಜನ, ಸಾಮಾನು ಸೇರಿ 1,700 ಕೆಜಿ ಗಾಡಿಯನ್ನು ಅಷ್ಟು ಮೇಲೆ ಹತ್ತಿಸಲಿಕ್ಕೇ ಒಂದು ಲೀಟರ್ ಚಿಲ್ಲರೆ ಡೀಸೆಲ್ ಬೇಕು. ಊರಿಗೆ ಹೋಗುವಾಗ ಇಳಿಜಾರಾದ್ದರಿಂದ ಅದರಲ್ಲಿ ಒಂದಷ್ಟು ನಮಗೆ ವಾಪಸ್ ಸಿಗುತ್ತದೆ, ಉಳಿದದ್ದು ಬ್ರೇಕಿಗೆ ಹೋಗುತ್ತದೆ. ಅಂದಹಾಗೆ, ಘಾಟಿಯಲ್ಲಿ ನ್ಯೂಟ್ರಲ್ ಹಾಕಿ ಇಳಿಸಿದರೆ ಡೀಸೆಲ್ ಉಳಿಯುತ್ತೆ ಅಂತ ನಮ್ಮ ಮಾವ ಈಗಲೂ ವಾದ ಮಾಡುತ್ತಾರೆ. ಈಗಿನ ಡೀಸೆಲ್ ಎಂಜಿನ್‌ನಲ್ಲಿ ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಇಂಧನ ಪೂರ್ತಿ ಬಂದ್ ಆಗುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆಫ್ ಆಗದೆ ಸುಮ್ನೆ ತಿರುಗುತ್ತಿರುವುದಕ್ಕೇ (ಐಡಲಿಂಗ್) ಡೀಸೆಲ್ ಬೇಕೇ ಬೇಕು. ಉಳಿಯುವುದೂ ಇಲ್ಲ, ಶಿರಾಡಿಯಂಥ ಕಡೆ ಬ್ರೇಕ್ ಕಾದು ಹೋದರೆ ಜೀವಕ್ಕೇ ಕುತ್ತು.

ಚಿಲ್ಲರೆ ವಿಷಯ ಬೇಗ ಹೇಳಿಬಿಡುತ್ತೇನೆ. ಟೈರ್ ಗಾಳಿ ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್ ನೋಡಿ ಹಾಕಿಸಿ, ಟೈರ್ ತಣ್ಣಗಿದ್ದಾಗ. ಕ್ಯಾರಿಯರ್ ಬೇಡದಿದ್ದಾಗ ಬಿಚ್ಚಿಡಿ. ಪ್ರೀಮಿಯಂ ಡೀಸೆಲ್ ಹಾಕಿಸಿಯೂ ನೋಡಿದ್ದೇನೆ, ನನ್ನ ಲೆಕ್ಕದಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ.

ದುಡ್ಡಿಗೆ ಬಂದರೆ, ಡೀಸೆಲ್ ಲೀಟರಿಗೆ 91 ರೂಪಾಯಿ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 1,000 ಕಿ.ಮೀ. ಓಡಿಸಿದರೆ 21ರ ಲೆಕ್ಕದಲ್ಲಿ ಸುಮಾರು 4,300 ರೂಪಾಯಿ. 15ರ ಲೆಕ್ಕದಲ್ಲಿ 6,000 ದಾಟುತ್ತದೆ. ಪೆಟ್ರೋಲ್ ಮಾಡೆಲ್ ಬಿಟ್ಟು ಡೀಸೆಲ್‌ಗೆ ಲಕ್ಷಕ್ಕೂ ಮೇಲೆ ಜಾಸ್ತಿ ಕೊಟ್ಟಿರುತ್ತೀರಿ ಅಲ್ವಾ, ಆ ದುಡ್ಡು ಎಷ್ಟು ವರ್ಷಕ್ಕೆ ವಾಪಸ್ ಬರುತ್ತದೆ ಅನ್ನುವುದನ್ನು ಈ ಎರಡನೇ ಲೆಕ್ಕದ ಮೇಲೆ ಹಾಕಿ. ಪೆಟ್ರೋಲ್‌ಗೂ ಬ್ರೋಷರ್ ನಂಬರ್ ಬಿಟ್ಟು ಓಡಿಸುವವರ ನಂಬರ್ ಕೇಳಿ.

ನನಗೆ ಈ ಗಾಡಿ ಇಷ್ಟ. ಶಿರಾಡಿಯಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ ಮೂರನೇ ಗೇರಿನಲ್ಲೇ ಸಲೀಸಾಗಿ ಎಳೆಯುವ ಡೀಸೆಲ್ ಟಾರ್ಕ್ ಇದೆಯಲ್ಲ, ಅದಕ್ಕಾಗಿಯೇ ಮತ್ತೆ ಇದನ್ನೇ ತೆಗೆದುಕೊಂಡೇನು. ಆದರೆ ಮನೆ, ಆಫೀಸು, ಮಕ್ಕಳ ಸ್ಕೂಲು ಅಷ್ಟೇ ಓಡಾಟ ಇರುವವರಿಗೆ ಡೀಸೆಲ್ ಎಸ್‌ಯುವಿ ತೆಗೆದುಕೊಳ್ಳಿ ಅಂತ ನಾನು ಹೇಳುವುದಿಲ್ಲ. ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದರೆ ಮೈಲೇಜ್ ಎಷ್ಟು ಅಂತ ಕೇಳುವ ಮೊದಲು ಎಲ್ಲಿ ಓಡಿದ್ದು ಅಂತ ಕೇಳಿ. ಕಡಿಮೆ ಕಿ.ಮೀ. ಓಡಿದ, ಬರೀ ಸಿಟಿಯಲ್ಲೇ ಇದ್ದ ಗಾಡಿಗಿಂತ ಹೈವೇಯಲ್ಲಿ ಓಡಿದ ಗಾಡಿಯ ಡಿಪಿಎಫ್ ಆರೋಗ್ಯವಾಗಿರುವ ಸಾಧ್ಯತೆ ಜಾಸ್ತಿ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.