ಹಳೇ ಚಾಕುವಿಗೆ ಕರ್ಪೂರದ ವಾಸನೆ ಇದ್ದರೆ ಹುಷಾರು

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪು ನನ್ನದೇ. ಉಳಿದದ್ದು ಆಮೆಚಿಪ್ಪಿನ ಹಿಡಿ ಅಂತ ಹೇಳಿ ನನಗೆ ಚಾಕು ಮಾರಿದವನದ್ದು.

ಕೆಲಸಕ್ಕೆಂದು ಇಂಗ್ಲೆಂಡಿನ ಯಾರ್ಕ್‌ಶೈರಿಗೆ ಬಂದು ಆರು ವರ್ಷವಾಯಿತು. ಚಾಕುಗಳಿಗೆ ಹೆಸರಾದ ಶೆಫೀಲ್ಡ್ ಊರು ಹತ್ತಿರವೇ ಇರುವುದರಿಂದ ಮಡಚುವ ಹಳೇ ಚಾಕುಗಳ ಹುಚ್ಚು ಹಿಡಿಯಿತು. ಅಲ್ಲಿ ‘ಲಿಟಲ್ ಮೆಸ್ಟರ್’ ಅನ್ನಿಸಿಕೊಂಡ ಕುಶಲಕರ್ಮಿಗಳು ಒಂದೊಂದು ಕೋಣೆಯಲ್ಲಿ ಕೂತು ಮಾಡುತ್ತಿದ್ದ ಚಾಕುಗಳವು. ಲಾಕ್ ಇರುವುದಿಲ್ಲ, ಬೆನ್ನಿನ ಸ್ಪ್ರಿಂಗೇ ಅಲಗನ್ನು ಹಿಡಿದಿಡುತ್ತದೆ. ಒಳ್ಳೆಯ ಚಾಕು ಮುಚ್ಚಿದರೆ ‘ಟಕ್’ ಅನ್ನಬೇಕು. ಆ ಸದ್ದಿಗೇ ನಾನು ಮರುಳಾದದ್ದು.

ಇದಕ್ಕೆಲ್ಲ ಮುಂಚೆ ನನ್ನ ಹತ್ತಿರ ಇದ್ದದ್ದು ಒಂದೇ ಚಾಕು, ಅಜ್ಜನದ್ದು. ತೀರ್ಥಹಳ್ಳಿ ಕಡೆ ಶಾನುಭೋಗರಾಗಿದ್ದ ಅವರು ಪೆನ್ಸಿಲ್ ಚೂಪು ಮಾಡುವುದಕ್ಕೂ ಸೀಬೆಹಣ್ಣು ಹೋಳು ಮಾಡುವುದಕ್ಕೂ ಅದನ್ನೇ ಬಳಸುತ್ತಿದ್ದರು. ಕಪ್ಪು ಎಮ್ಮೆಕೊಂಬಿನ ಹಿಡಿ, ಎರಡು ಅಲಗು. ಅಲಗಿನ ಬುಡದಲ್ಲಿ ಶೆಫೀಲ್ಡಿನದೇ ಆದ ಜೋಸೆಫ್ ರಾಡ್ಜರ್ಸ್ ಕಂಪನಿಯ ಗುರುತು: ಒಂದು ನಕ್ಷತ್ರ, ಪಕ್ಕದಲ್ಲೊಂದು ಮಾಲ್ಟೀಸ್ ಶಿಲುಬೆ. ಬಳಸಿ ಬಳಸಿ ಅಲಗು ಬೂದುಬಣ್ಣಕ್ಕೆ ತಿರುಗಿತ್ತು. ಆ ಬೂದುಬಣ್ಣವೇ ಅದರ ಚೆಂದ ಅಂತ ಆಗ ನನಗೆ ಗೊತ್ತಿರಲಿಲ್ಲ.

ಎರಡು ವರ್ಷದ ಹಿಂದೆ ಒಂದು ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಜೇನುಬಣ್ಣದ ಮೇಲೆ ಕಂದು ಮಚ್ಚೆಯಿದ್ದ ಚಾಕುವೊಂದು ಕಣ್ಣಿಗೆ ಬಿತ್ತು. ‘ವಿಕ್ಟೋರಿಯಾ ಕಾಲದ್ದು, ಅಸಲಿ ಆಮೆಚಿಪ್ಪು’ ಅಂದ ಮಾರುವವ. 85 ಪೌಂಡ್ ಎಣಿಸಿಕೊಟ್ಟೆ. ಮನೆಗೆ ಬಂದು ಭೂತಗನ್ನಡಿ ಹಿಡಿದರೆ ಅಲಗಿನ ಬುಡದಲ್ಲಿ ಸಣ್ಣಗೆ ‘ಮೇಡ್ ಇನ್ ಇಂಗ್ಲೆಂಡ್’ ಅಂತ ಇದೆ! ಆಮದು ಸಾಮಾನಿನ ಮೇಲೆ ದೇಶದ ಹೆಸರು ಇರಲೇಬೇಕು ಅಂತ ಅಮೆರಿಕ 1890ರಲ್ಲಿ ಕಾನೂನು ಮಾಡಿದ ಮೇಲೆಯೇ ಚಾಕುಗಳ ಮೇಲೆ ‘ಇಂಗ್ಲೆಂಡ್’ ಅಂತ ಒತ್ತುವುದು ರೂಢಿಯಾದದ್ದು. ‘ಮೇಡ್ ಇನ್’ ಸೇರಿಕೊಂಡದ್ದು ಸಾಮಾನ್ಯವಾಗಿ ಇನ್ನೂ ಈಚೆಗೆ, ಅಂದರೆ ವಿಕ್ಟೋರಿಯಾ ಕಾಲ ಮುಗಿದ ಮೇಲೆ. ಅಸಲಿ ಚಿಪ್ಪಾಗಿದ್ದರೂ ತಲೆನೋವೇ ಬಿಡಿ, ಹಾಕ್ಸ್‌ಬಿಲ್ ಕಡಲಾಮೆಯ ಚಿಪ್ಪಿನ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ನಿರ್ಬಂಧವಿದೆ, ಕಾಗದಪತ್ರ ಕೇಳುತ್ತಾರೆ. ನಾನು ಏನೂ ಕೇಳಿರಲಿಲ್ಲ.

ಇನ್ನೊಂದು ಸುಳಿವೂ ಇತ್ತು. ಹಿಡಿಯನ್ನು ಹೆಬ್ಬೆರಳಿನಿಂದ ಉಜ್ಜಿದರೆ ದೇವರಮನೆಯ ಘಮ. ಯಾರೋ ಕರ್ಪೂರದ ಡಬ್ಬಿಯಲ್ಲಿ ಇಟ್ಟಿದ್ದಿರಬೇಕು ಅಂದುಕೊಂಡು ಖುಷಿಪಟ್ಟೆ, ಮನೆ ನೆನಪಾಯಿತು. ತೇವ ತಾಗದಿರಲಿ ಅಂತ ಅದನ್ನೂ ಅಜ್ಜನ ಚಾಕುವನ್ನೂ ಒಂದೇ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿಮಾಡಿ, ಬೀರುವಿನೊಳಗೆ ಇಟ್ಟೆ.

ಹದಿನಾಲ್ಕು ತಿಂಗಳಾದ ಮೇಲೆ ಡಬ್ಬಿ ತೆರೆದರೆ ಮೂಗಿಗೆ ಹೊಡೆಯುವ ಹುಳಿ ವಾಸನೆ. ಹೊಸದಾಗಿ ಕೊಂಡದ್ದರ ಹಿಡಿ ಅಂಟಂಟಾಗಿ ಒಡೆದಿತ್ತು. ಅಜ್ಜನ ಚಾಕುವಿನ ಹಿತ್ತಾಳೆ ತಗಡಿನ ಅಂಚಿಗೆ ಹಸಿರು ಹಕ್ಕಳೆ, ಅಲಗಿನ ಮೇಲೆಲ್ಲ ಕಿತ್ತಳೆ ಬಣ್ಣದ ತುಕ್ಕು. ಉಗುರು ಹಾಕಿ ಎಳೆದರೂ ಏಳಲೊಲ್ಲದು.

ಅದು ಆಮೆಚಿಪ್ಪಲ್ಲ, ಸೆಲ್ಯುಲಾಯ್ಡ್. ನೈಟ್ರಿಕ್ ಆಮ್ಲದಲ್ಲಿ ಸಂಸ್ಕರಿಸಿದ ಹತ್ತಿಗೆ ಕರ್ಪೂರ ಬೆರೆಸಿ ಮಾಡುತ್ತಿದ್ದ ಹಳೇ ಪ್ಲಾಸ್ಟಿಕ್. ವಯಸ್ಸಾದಂತೆ ಅದು ಕೊಳೆಯುತ್ತದೆ, ಹೊರಬರುವ ಅನಿಲ ಗಾಳಿಯ ತೇವದ ಜೊತೆ ಸೇರಿ ಮತ್ತೆ ಆಮ್ಲವೇ ಆಗುತ್ತದೆ. ಗಾಳಿಯಾಡುವ ಕಡೆ ಇದ್ದರೆ ನಿಧಾನ. ಮುಚ್ಚಿಟ್ಟರೆ ಆ ಅನಿಲ ಒಳಗೇ ತಿರುಗಿ ಹಿಡಿಯನ್ನು ಇನ್ನೂ ಬೇಗ ಕೊಳೆಸುತ್ತದೆ, ಪಕ್ಕದ ಉಕ್ಕನ್ನೂ ತಿನ್ನುತ್ತದೆ. ತೇವದಿಂದ ಕಾಪಾಡಲು ಹೋಗಿ ನಾನು ಮಾಡಿದ್ದು ಅದನ್ನೇ.

ಅಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆ. ಗಾಬರಿಯಲ್ಲಿ ಪಾತ್ರೆ ಉಜ್ಜುವ ಉಕ್ಕಿನ ನಾರು ತಗೊಂಡು ಕೂತೆ. ಒಂದು ಗಂಟೆಯಲ್ಲಿ ತುಕ್ಕು ಹೋಯಿತು, ಜೊತೆಗೆ ಐವತ್ತು ವರ್ಷದ ಬೂದುಬಣ್ಣವೂ ಹೋಯಿತು, ಶಿಲುಬೆಯ ಎರಡು ತೋಳೂ ಸವೆದುಹೋದವು. ಎಣ್ಣೆ ಹಾಕಿ ಒಂದು ರಾತ್ರಿ ಬಿಟ್ಟು, ಮೆತ್ತನೆಯ ಹಿತ್ತಾಳೆ ಚೂರಿನಿಂದ ತುಕ್ಕನ್ನಷ್ಟೇ ಎಬ್ಬಿಸಬೇಕಿತ್ತಂತೆ. ಇದನ್ನು ಹೇಳಿದ ಹಳೇ ಸಂಗ್ರಾಹಕರು ನನ್ನ ಚಾಕು ನೋಡಿ ಒಂದು ಕ್ಷಣ ಮಾತೇ ಆಡಲಿಲ್ಲ.

ಆದ್ದರಿಂದ ಹಳೇ ಚಾಕು ಕೊಳ್ಳುವಾಗ ಹಿಡಿ ಉಜ್ಜಿ ಮೂಸಿ. ಅಲಗು ತೆರೆದು ಒಳಗೆ ಟಾರ್ಚ್ ಬಿಡಿ. ಹಿಡಿಗೆ ತಾಗಿ ಕೂರುವ ಭಾಗದಲ್ಲಿ ಮಾತ್ರ ತುಕ್ಕಿದ್ದರೆ ಅನುಮಾನಪಡಿ. ಬಿಸಿ ಸೂಜಿ ಚುಚ್ಚಿ ಪರೀಕ್ಷಿಸಿ ಅನ್ನುವವರೂ ಇದ್ದಾರೆ, ದಯವಿಟ್ಟು ಬೇಡ, ಸೆಲ್ಯುಲಾಯ್ಡ್ ಭಗ್ಗನೆ ಹತ್ತಿಕೊಳ್ಳುವ ವಸ್ತು. ಅದರ ಹಿಡಿಯ ಚಾಕುವೆಲ್ಲ ಕೆಟ್ಟದ್ದೇನಲ್ಲ, ಚೆಂದದವೂ ಇವೆ. ಆದರೆ ಒಂದೊಂದನ್ನೂ ಬೇರೆಯಾಗಿ, ಗಾಳಿಯಾಡುವ ಕಡೆ ಇಡಿ. ನನ್ನದು ಈಗ ಕಾಗದದ ಚೀಲದಲ್ಲಿ, ಗ್ಯಾರೇಜಿನ ಶೆಲ್ಫ್ ಮೇಲೆ ಒಂಟಿಯಾಗಿದೆ.

ಮೊನ್ನೆ ವಿಡಿಯೋ ಕಾಲ್‌ನಲ್ಲಿ ಅಮ್ಮ ಅಜ್ಜನ ಚಾಕು ತೋರಿಸು ಅಂದರು. ಗುರುತಿನ ಬದಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು ತೋರಿಸಿದೆ. ‘ಅರೆ, ಹೊಸದರ ಹಾಗೆ ಫಳಫಳ ಅಂತಿದೆಯಲ್ಲೋ!’ ಅಂದರು.